ಉರ್ದುವಿನಲ್ಲಿ ಮಾವ

ಕಳೆದ ವಾರ ಮೊಮ್ಮಗಳು ಟ್ರಂಕು ಝಾಡಿಸುವಾಗ ನನ್ನ ಹಳೆಯ ಕುಚ್ಚಿನ ರೂಮಿ ಟೋಪಿ ಸಿಕ್ಕಿತು. ಕೆಂಪು ಮಾಸಿತ್ತು, ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಆ ವಾಸನೆಗೆ ತರ್ಜುಮೆ ಆಚಾರ್ಯರು ನೆನಪಾದರು. ಹಣೆಯಲ್ಲಿ ಅಂಗಾರ ಅಕ್ಷತೆ, ತಲೆಯ ಮೇಲೆ ನಿಜಾಮರ ಕಾಲದ ಅಂಥದೇ ಟೋಪಿ... ರಾಯಚೂರಿನ ಕೋರ್ಟಿಗೆ ಹೊಸದಾಗಿ ಬಂದವರಿಗೆ ಅವರನ್ನು ಕಂಡರೆ ನಗು ತಡೆಯಲಾಗುತ್ತಿರಲಿಲ್ಲ.

ನಲವತ್ತರ ದಶಕದ ಮಾತು. ಕೋರ್ಟಿನ ಭಾಷೆ ಉರ್ದು, ಬರುವ ಜನರದು ಕನ್ನಡ. ಜನ ಹೇಳಿದ್ದನ್ನು ಉರ್ದುವಿನಲ್ಲಿ ಬರೆದು ಜಡ್ಜರ ಮುಂದಿಡುವುದು ಮಾನ್ವಿಯ ಈ ಆಚಾರ್ಯರ ನೌಕರಿ. ನಾನು ಆಗಷ್ಟೇ ಸನದು ಸಿಕ್ಕ ವಕೀಲ. ತಿಳಿವಳಿಕೆಗಿಂತ ಗತ್ತು ಜಾಸ್ತಿ.

ದೇವದುರ್ಗದ ಕಡೆಯ ವಿಧವೆಯೊಬ್ಬಳು ನನ್ನ ಬಳಿ ಬಂದಳು. ವಯಸ್ಸು ಮೂವತ್ತೈದರ ಆಸುಪಾಸು. ಮಾವ ತನ್ನ ಮೇಲೆ ಬಲಾತ್ಕಾರ ಮಾಡಿದನೆಂದು ಆಕೆಯ ದೂರು. ಮನೆಯ ಮಾತು ಮನೆಯಲ್ಲೇ ಇರಲಿ ಎಂದು ಊರ ಹಿರಿಯರು ಗದರಿಸಿದ್ದರಂತೆ. ಆಕೆ ಎರಡು ದಿನ ನಡೆದು ರಾಯಚೂರು ಸೇರಿದ್ದಳು. ಆಚಾರ್ಯರು ಹೇಳಿಕೆ ಬರೆದುಕೊಂಡು ನನಗೆ ತೋರಿಸಿದರು. ನಾನು ಓದಿ, ಸರಿಯಾಗಿದೆ ಎಂದೆ.

ಸರಿಯಾಗಿರಲಿಲ್ಲ. 'ಮಾವ' ಎಂದು ಆಕೆ ಹೇಳಿದ ಕಡೆಯಲ್ಲೆಲ್ಲ ಆಚಾರ್ಯರು 'ಮಾಮೂ' ಎಂದು ಬರೆದಿದ್ದರು. ಉರ್ದುವಿನಲ್ಲಿ ಹಾಗೆಂದರೆ ತಾಯಿಯ ಸಹೋದರ ಮಾತ್ರ. ಗಂಡನ ತಂದೆಗೆ ಬೇರೆ ಶಬ್ದವಿದೆ. ನಮ್ಮ ಕನ್ನಡದಲ್ಲಿ ಇಬ್ಬರೂ ಮಾವಂದಿರೇ. ಆಚಾರ್ಯರು ಅಕ್ಕನ ಮಗಳನ್ನು ಮದುವೆಯಾದವರು, ನಾನೂ ಅಷ್ಟೇ. ನಮ್ಮಿಬ್ಬರ ಮನೆಯಲ್ಲೂ ಮಾವ ಎಂದರೆ ಮೊದಲು ಸೋದರಮಾವ, ಅಂದರೆ ನಾವೇ. ಹಾಗಾಗಿ ಆ ಶಬ್ದ ಇಬ್ಬರ ಕಣ್ಣಿಗೂ ಚುಚ್ಚಲಿಲ್ಲ.

ಎದುರು ವಕೀಲರಿಗೆ ಅಷ್ಟೇ ಸಾಕಾಯಿತು. ಈ ಸೀಮೆಯಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ರೂಢಿ, ವಿಧವೆಗೆ ಉಡಿಕೆ ಎಂಬ ಮರುಮದುವೆಯೂ ಉಂಟು, ಇವರದು ಉಡಿಕೆಯಾದ ಸಂಸಾರ, ಗಂಡನ ಮೇಲೆ ಇಂಥ ದೂರು ನಿಲ್ಲದು ಎಂದು ವಾದಿಸಿದರು. ನನಗೆ ತಪ್ಪು ಹೊಳೆದದ್ದು ಆಗ. ಹೊಳೆದರೂ ನಾಲಿಗೆ ಏಳಲಿಲ್ಲ, ಸನದು ಹೋದೀತೆಂಬ ಭಯ. ಉತ್ತರ ಹಿಂದೂಸ್ತಾನದಿಂದ ಬಂದಿದ್ದ ಜಡ್ಜರು ಖಟ್ಲೆ ವಜಾ ಮಾಡಲು ಲೇಖನಿ ಎತ್ತಿದರು.

ವಕೀಲರು, ಜಡ್ಜರು ಏನೆನ್ನುತ್ತಾರೆಂದು ಹೆಂಗಸು ಆಚಾರ್ಯರನ್ನು ಕೇಳಿದಳು. ಆಚಾರ್ಯರು ಕನ್ನಡದಲ್ಲಿ ತಿಳಿಸಿದರು.

"ಮಾವ ಅಂದ್ರ ನನ್ನ ಗಂಡನ ಅಪ್ಪರೀ," ಎಂದಳು, ಕಟಕಟೆ ಬಿಗಿಯಾಗಿ ಹಿಡಿದು. "ಅವನ ಜೋಡಿ ನನಗೆಂಗ ಉಡಿಕಿ ಆಗ್ತದ? ನಾ ಅವನ ಸೊಸಿ."

ಆಚಾರ್ಯರು ತಾವು ಬರೆದ ಹಾಳೆಯನ್ನು ಮತ್ತೊಮ್ಮೆ ನೋಡಿದರು. ಎದ್ದು ನಿಂತು, ಶಬ್ದ ತಪ್ಪಾಗಿದೆ, ತಪ್ಪು ತನ್ನದು ಎಂದು ಉರ್ದುವಿನಲ್ಲಿ ಹೇಳಿದರು. ದಾಖಲೆ ತಪ್ಪೆಂದು ಒಪ್ಪಿದರೆ ನೌಕರಿ ಉಳಿಯದು, ವಿಚಾರ ಮಾಡಿ ಎಂದು ಜಡ್ಜರು ಎರಡು ಸಲ ಎಚ್ಚರಿಸಿದರು. ಎರಡು ಸಲವೂ ಅದೇ ಉತ್ತರ. ಬೇರೆ ಯಾರಾದರೂ ಓದಿ ನೋಡಿದ್ದರೇ ಎಂದೂ ಕೇಳಿದರು. ಆಚಾರ್ಯರು ನನ್ನ ಕಡೆ ತಿರುಗದೆ, ಇಲ್ಲ ಎಂದರು. ನಾನು ಕೂತೇ ಇದ್ದೆ.

ಹೇಳಿಕೆ ಹೊಸದಾಗಿ ಬರೆದರು. ಕೊನೆಗೆ ಆ ಮಾವನಿಗೆ ಜೈಲಾಯಿತು. ಶಿಕ್ಷೆ ಆದದ್ದು ಬಲಾತ್ಕಾರಕ್ಕೆ ಮಾತ್ರ. ಆಕೆ ಹೊರಗೆ ಜಗಲಿಯ ಮೇಲೆ, ಸೊಸೆ ಎಂದೂ ನೋಡದೆ ಹೀಗೆ ಮಾಡಿದ್ದಕ್ಕೆ ಬೇರೆ ಶಿಕ್ಷೆ ಇಲ್ಲವೇ ಎಂದು ಕೇಳಿದಳು.

"ಕಾನೂನಿನ್ಯಾಗ ಅದಕ್ಕ ಹೆಸರೇ ಇಲ್ಲವ್ವಾ," ಎಂದರು ಆಚಾರ್ಯರು.

"ಇರಬೇಕಾಗಿತ್ರೀ," ಎಂದಳು. ಅಷ್ಟು ಹೇಳಿ ಊರ ದಾರಿ ಹಿಡಿದಳು. ಗಂಡನ ಮನೆ ತನ್ನದೆಂದು ಅಲ್ಲೇ ಬದುಕಿದಳೆಂದು ಕೇಳಿದ್ದೇನೆ.

ಆಚಾರ್ಯರ ನೌಕರಿ ಹೋಯಿತು. ಮಾನ್ವಿಗೆ ಹೋಗಿ ಮನೆಪಾಠ ಹೇಳಿಕೊಂಡಿದ್ದರು. ನಾನು ಎರಡು ಸಲ ಹೋದೆ. ಎರಡು ಸಲವೂ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ ಎದ್ದು ಬಂದೆ. ಮೂರನೆಯ ಸಲ ಹೋಗುವಷ್ಟರಲ್ಲಿ...

ಆಮೇಲೆ ಮೂವತ್ತು ವರ್ಷ ಅದೇ ಕೋರ್ಟಿನಲ್ಲಿ ನಿಂತು, ನಿಜ ಹೇಳಿ ಎಂದು ಸಾಕ್ಷಿದಾರರನ್ನು ಗದರಿಸಿದೆ. ನಾಚಿಕೆಯಾಗುತ್ತದೆ. ಇನ್ನು ಮುಚ್ಚಿಡಬಾರದೆಂದು ನಿಶ್ಚಯಿಸಿಯೇ ಇದನ್ನು ಬರೆದಿದ್ದೇನೆ. ಕೇಳಬೇಕಾದವರು ಮಾತ್ರ ಇಲ್ಲ. ಆ ದಿನ ಎದ್ದು ನಿಲ್ಲಬೇಕಾದವರು ನಾವಿಬ್ಬರು, ಆಚಾರ್ಯರೇ. ನಿಂತವರು ನೀವೊಬ್ಬರೇ.