ನಾನು ತುಂಬಿಕೊಟ್ಟ ಅರ್ಜಿ

ಮೊನ್ನೆ ಮೊಮ್ಮಗಳ ಶಾಲೆಯಿಂದ ಕಾಗದ ಬಂತು. ಎರಡು ಪೀರಿಯಡ್ ತಪ್ಪಿಸಿದ್ದಾಳಂತೆ, ಮನೆಯ ಹಿರಿಯರು ಸಹಿ ಹಾಕಬೇಕಂತೆ. ಅವಳ ಅಪ್ಪ ಅಮ್ಮ ಊರಲ್ಲಿರಲಿಲ್ಲ. ಪೆನ್ನು ಹಿಡಿದವನು ಹಾಗೇ ಕೂತುಬಿಟ್ಟೆ. ಇಂಥ ಕಾಗದಕ್ಕೆ ಒಮ್ಮೆ ನಾನು ಎಂಥ ಉತ್ಸಾಹದಿಂದ ಕೈಹಾಕಿದ್ದೆ, ಕೇಳಿ.

ಎಪ್ಪತ್ತರ ದಶಕದ ಆರಂಭ. ಅಮೆರಿಕದ ಲಿವೋನಿಯಾ ಎಂಬ ಊರಿನ ನಮ್ಮ ಬೀದಿಯಲ್ಲಿ ಕನ್ನಡದವರದು ಎರಡೇ ಮನೆ: ನಮ್ಮದು, ಮೈಸೂರಿನ ನಾಗರಾಜರದು. ಅವರ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಒಬ್ಬಳೇ ಮಗಳು ಶೈಲಾಗೆ ಹದಿನೈದು. ಆ ಚಳಿಗಾಲ ಅವಳು ಶಾಲೆ ತಪ್ಪಿಸತೊಡಗಿದಳು. ಒಮ್ಮೆ ಹೇಳದೆ ಕೇಳದೆ ಹತ್ತಿರದ ಊರು ಆನ್ ಆರ್ಬರಿಗೆ ಹೋಗಿ, ಗೆಳತಿಯ ಅಕ್ಕನ ರೂಮಿನಲ್ಲಿ ಎರಡು ದಿನ ಉಳಿದಳು.

ಇಂಥ ಹೊತ್ತಿನಲ್ಲಿ ಸಲಹೆ ಕೊಡದೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಆಫೀಸಿನಲ್ಲಿ ಯಾರೋ ಅಂದದ್ದನ್ನು ನಾನೇ ಕಂಡುಹಿಡಿದವನಂತೆ ಹೇಳಿದೆ: "ಮಕ್ಕಳ ಕೋರ್ಟ್ ಅಂತ ಇದೆ ರೀ. ಜಡ್ಜ್ ಒಂದ್ಸಲ ಗದರಿಸಿ ಕಳಿಸ್ತಾರೆ, ನಮ್ಮ ಹೆಡ್‌ಮಾಸ್ಟರ ಥರ, ಅಷ್ಟೆ."

ನಾಗರಾಜರು ಅನುಮಾನಿಸಿದರು. ಅರ್ಜಿಯನ್ನು ನಾನೇ ತುಂಬಿದೆ. 'ತಂದೆಯ ಹಿಡಿತಕ್ಕೆ ಸಿಗದ ಹುಡುಗಿ' ಎಂದು ಇಂಗ್ಲಿಷಿನಲ್ಲಿ ಬರೆದು, ಮಾತು ಚೆನ್ನಾಗಿ ಬಿತ್ತೆಂದು ಹೆಮ್ಮೆಪಟ್ಟೆ. ಅವರು ಸಹಿ ಹಾಕಿದರು.

ಜಡ್ಜ್ ಗದರಿಸಲಿಲ್ಲ. ಕಾಗದ ಓದಿ, ಮುಂದಿನ ವಿಚಾರಣೆಯವರೆಗೆ ಅವಳನ್ನು ನಮ್ಮ ಕಡೆಯ ರಿಮ್ಯಾಂಡ್ ಹೋಮಿನಂಥ ಜಾಗಕ್ಕೆ ಕಳಿಸಿ ಎಂದು ಮೆತ್ತಗೆ ಹೇಳಿದರು. "ಬೇಡ ಸರ್, ಮನೆಗೆ ಕರ್ಕೊಂಡು ಹೋಗ್ತೀನಿ" ಎಂದು ನಾಗರಾಜರು ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟರು. ಒಮ್ಮೆ ಕೊಟ್ಟ ಅರ್ಜಿಯನ್ನು ಹಿಂದಕ್ಕೆ ಪಡೆಯುವುದು ಅವರ ಕೈಯಲ್ಲಿರಲಿಲ್ಲ.

ದೊಡ್ಡವರು ಮನೆಬಿಟ್ಟು ಎರಡು ದಿನ ಇದ್ದರೆ ಯಾರೂ ಕೇಳುವುದಿಲ್ಲ. ಹದಿನೈದು ವರ್ಷದವಳಿಗೆ ಅದೇ ಅಪರಾಧ. ಭೇಟಿಯ ದಿನ ಶೈಲಾ ಕೇಳಿದಳು: "ಮೈ ರೂಮ್‌ಮೇಟ್ ಸ್ಟೋಲ್ ಎ ಕಾರ್. ಶಿ ವೆಂಟ್ ಹೋಮ್. ವಾಟ್ ಡಿಡ್ ಐ ಸ್ಟೀಲ್, ಅಪ್ಪಾ?" ಕಾರು ಕದ್ದವಳು ಮನೆ ಸೇರಿದ್ದಳು, ಏನನ್ನೂ ಕದಿಯದ ಇವಳು ಒಳಗಿದ್ದಳು. ಆಮೇಲೆ, "ಹೂ ರೋಟ್ ದಟ್ ಪೇಪರ್?" ಅಂದಳು.

"ನಾನೇ ಬರ್ದೆ ಕಣಮ್ಮ" ಎಂದರು ನಾಗರಾಜರು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ.

ಮೂರು ವಾರಕ್ಕೆ ಬಿಟ್ಟರು. ಹದಿನೆಂಟು ತುಂಬಿದ್ದೇ ಚಿಕಾಗೋಗೆ ಹೋದವಳು ಮತ್ತೆ ಆ ಮನೆಗೆ ಕಾಲಿಟ್ಟದ್ದು ತಂದೆ ತೀರಿಕೊಂಡಾಗ. ಅಂದೂ ನಾನು ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಶೈಲಾಗೆ ಫೋನ್ ಮಾಡಿ, ಆ ಅರ್ಜಿ ಬರೆದವನು ನಾನು ಎಂದು ಹೇಳಿದೆ. 

"ಅಪ್ಪ ಇದ್ದಾಗ ಹೇಳ್ಬೇಕಿತ್ತು ಅಂಕಲ್" ಎಂದಳು, ಕನ್ನಡದಲ್ಲಿ.

"ಹೌದಮ್ಮ" ಎಂದೆ.

ಫೋನ್ ಇಡುತ್ತಾಳೆ ಅಂದುಕೊಂಡೆ. ಇಡಲಿಲ್ಲ. "ಆ ಮೂರು ವಾರ ಅಪ್ಪ ಊಟ ಮಾಡ್ತಿದ್ರಾ?" ಎಂದು ಕೇಳಿದಳು.

ಕುರ್ಚಿ ಎಳೆದುಕೊಂಡು ಕೂತೆ. ನೋಡಿದ್ದನ್ನು ನೋಡಿದ ಹಾಗೆಯೇ ಹೇಳತೊಡಗಿದೆ.