ಜರ್ಮನಿಯಲ್ಲಿ ಸೊರೆ ಬಿಟ್ಟ ದಿನ

ಇದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ, ಜಾವಗಲ್ಲಿನ ತಿಮ್ಮೇಗೌಡರು. ಕೆಚ್ಚಲಿನಿಂದ ಹಾಲಿಳಿಸುವ ಹಾರ್ಮೋನನ್ನು ಸೀಸೆಯಲ್ಲಿ ತಯಾರಿಸಲು ಕಲಿಯುತ್ತೇನೆ, ಅದಕ್ಕೇ ಜರ್ಮನಿಗೆ ಹೊರಟಿದ್ದೇನೆ ಎಂದಾಗ ಅವರು ನಕ್ಕರು. "ಕರು ಬಾಯಿ ಹಾಕಿದ್ರೆ ಹಸು ಸೊರೆ ಬಿಡ್ತೈತೆ. ನಿನ್ ಸೀಸೆ ನೋಡಿ ಬಿಡ್ತೈತೇನ್ಲಾ?" ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಅರಸೀಕೆರೆಯಲ್ಲಿ ರೈಲು ಹತ್ತಿದ ಮೇಲೂ ಆ ನಗು ಕಿವಿಯಲ್ಲಿತ್ತು.

ಜರ್ಮನಿಯಲ್ಲಿ ಹಾಲು ಅಂಗಡಿಯದು, ಬೀದಿಯಲ್ಲಿ ಒಂದು ಹಸುವಿಲ್ಲ. ಅವರ ಕರಿ ರೊಟ್ಟಿಯನ್ನು ಬೇಳೆಸಾರಿಗೆ ಅದ್ದಿ, ಮುದ್ದೆ ಎಂದುಕೊಂಡು ನುಂಗುತ್ತಿದ್ದೆ. ನಮ್ಮಲ್ಲಿ ಎದುರಾದವರು "ಊಟ ಆಯ್ತಾ" ಎಂದರೆ ಪ್ರಯೋಗಾಲಯದಲ್ಲಿ ಕೇಳುತ್ತಿದ್ದುದು "ಆಉಸ್‌ಬೊಯ್ಟೆ?" ಅಂದರೆ, ಹಾಕಿದ್ದರಲ್ಲಿ ಕೈಗೆ ಬಂದದ್ದೆಷ್ಟು?

ಆ ಹಾರ್ಮೋನು ಏಕೆ ಅಷ್ಟು ದುಬಾರಿ ಎಂಬುದು ಈ ಒಂದು ಮಾತಿನಲ್ಲೇ ಇದೆ. ಒಂಬತ್ತು ಅಮೈನೋ ಆಮ್ಲಗಳನ್ನು ಸಾಲಾಗಿ ಬೆಸೆಯಬೇಕು. ಬೇಡದ ಕಡೆ ಅಂಟದಂತೆ ಮೊದಲು ಮುಸುಕು ಹಾಕಬೇಕು, ಬೆಸೆದ ಮೇಲೆ ತೆಗೆಯಬೇಕು, ತೊಳೆದು ಶುದ್ಧ ಮಾಡಬೇಕು. ಪ್ರತಿ ಸಲವೂ ಒಂದಿಷ್ಟು ಸೋರಿ ಹೋಗುತ್ತದೆ. ಒಂದೊಂದು ಬೆಸುಗೆಗೆ ಐದರಲ್ಲೊಂದು ಪಾಲು ಹೋದರೂ ಎಂಟು ಬೆಸುಗೆ ಮುಗಿಯುವಾಗ ಉಳಿಯುವುದು ಸುಮಾರು ಆರರಲ್ಲೊಂದು. ಕೊಂಡಿ ತಪ್ಪಿದ ಸರಪಳಿಯೂ ಸರಿಯಾದದ್ದರ ಹಾಗೇ ಇರುತ್ತದೆ, ಬೇರ್ಪಡಿಸುವುದೇ ದೊಡ್ಡ ಪಾಡು. ಹಸುವಿನ ಮೈ ಸದ್ದಿಲ್ಲದೆ ಮಾಡಿಕೊಳ್ಳುವ ಕೆಲಸಕ್ಕೆ ನಮಗೆ ಪೀಪಾಯಿಗಟ್ಟಲೆ ದ್ರಾವಕ ಬೇಕು, ವರ್ಷಗಟ್ಟಲೆ ದುಡಿಮೆ ಬೇಕು.

ಕೊನೆಗೆ ಸರಪಳಿಯನ್ನು ಬಳೆಯಂತೆ ಬಾಗಿಸಿ ಕೂಡಿಸಬೇಕು. ನನ್ನ ಸರಪಳಿಗಳು ಅಲ್ಲಿಯೇ ಒಂದಕ್ಕೊಂದು ತೊಡರಿಕೊಂಡು ಹಾಳಾದವು. ಮತ್ತೆ ಮೊದಲಿನಿಂದ ಶುರು. ಇದೂ ಕೆಟ್ಟರೆ ಪದವಿಯಿಲ್ಲದೆ ಊರಿಗೆ, ದೊಡ್ಡಪ್ಪನ ಎದುರಿಗೆ.

ಎರಡನೆಯ ಸಲದ್ದನ್ನು ಮರಿ ಹಾಕಿದ ಮೊಲಕ್ಕೆ ಚುಚ್ಚಿದೆವು. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಮೊಲೆತೊಟ್ಟಿನಲ್ಲಿ ಬಿಳಿ ಹನಿ ಮೂಡಿತು.

"ಸೊರೆ ಬಿಡ್ತು ಕಣ್ರೋ" ಎಂದುಬಿಟ್ಟೆ. ಪ್ರೊಫೆಸರರು ಅದೇನೆಂದು ಕೇಳಿದರು. ಅವರ ಭಾಷೆಯಲ್ಲಿ ನನಗೆ ಮಾತು ಸಿಗಲಿಲ್ಲ. ಊರಿಗೆ ಬಂದಾಗ ಆಉಸ್‌ಬೊಯ್ಟೆಗೆ ನಮ್ಮ ಮಾತು ಹುಡುಕಿಯೂ ಹೀಗೇ ತಡಕಾಡಿದೆ.

ಈಗ ನನ್ನ ಕೆಲಸ ಜರ್ಮನಿಯಲ್ಲೇ. ರಜೆಯಲ್ಲಿ ಬಂದವನು ಪದವಿಯ ಪ್ರಮಾಣಪತ್ರವನ್ನು ನೆಟ್ಟಗೆ ಕೊಟ್ಟಿಗೆಗೆ ಒಯ್ದೆ. ಹಾಲು ಕರೆದು ಎದ್ದಿದ್ದ ದೊಡ್ಡಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡರು, ಓದು ಎಂದರು. ಜರ್ಮನ್ನಿನಲ್ಲೇ ಓದಿದೆ. ನನ್ನ ಹೆಸರಿನ ಮುಂದೆ ಹುಟ್ಟಿದೂರು ಬಂದಾಗ ಅವರು ಕೈಯೆತ್ತಿ ತಡೆದರು.

"ಜಾವಗಲ್ ಅಂದ್ಯಲ್ಲ, ಅದೊಂದು ತಿಳೀತು ಕಣ್ಲಾ. ಮಿಕ್ಕಿದ್ದು ಅವ್ರಿಗಿರ್ಲಿ."