ಬ್ಯಾಟರಿ ಕಾಕಾರ ಮೇಲೆ ಹೊರಿಸಿದ ತಪ್ಪು

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿ, ದಪ್ಪವಾಗಿ, ತುದಿಯಲ್ಲಿ ಕಪ್ಪಗಿತ್ತು. ಮಿಕ್ಕ ಒಂಬತ್ತನ್ನೂ ವಾರಕ್ಕೊಮ್ಮೆ ಒಪ್ಪವಾಗಿ ಕತ್ತರಿಸಿಕೊಳ್ಳುವ ಮನುಷ್ಯ ಅದೊಂದನ್ನು ಮಾತ್ರ ಸಾಕಿಕೊಂಡಿದ್ದರು. ಕ್ಯಾಮೆರಾದ ಬ್ಯಾಟರಿ ಮುಚ್ಚಳ ತೆರೆಯುವುದಕ್ಕೆ, ಬಗ್ಗಿದ ಪಿನ್ನು ನೆಟ್ಟಗೆ ಮಾಡುವುದಕ್ಕೆ, ಗಿರಾಕಿ ಸುಳ್ಳು ಹೇಳುತ್ತಿದ್ದರೆ ಗಾಜಿನ ಮೇಜಿನ ಮೇಲೆ ಟಕ್ ಟಕ್ ಎಂದು ಬಡಿಯುವುದಕ್ಕೆ ಅದೇ ಉಗುರು. ಆ ಸದ್ದು ಶುರುವಾದರೆ ನಮ್ಮಂಥವರು ನಿಜ ಹೇಳಿಬಿಡುವುದು ಒಳ್ಳೆಯದು.

ಪುಣೆಯ ಧನಕವಡಿಯಲ್ಲಿ ಒಂದು ಝೆರಾಕ್ಸ್ ಅಂಗಡಿಗೂ ವಡಾಪಾವ್ ಗಾಡಿಗೂ ನಡುವೆ ಅವರ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು. ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು, ಹಳೆಯ ಕ್ಯಾಮೆರಾ, ಬ್ಯಾಟರಿ, ಫ್ಲ್ಯಾಶ್ ಮಾರುತ್ತಿದ್ದರು. ಹಳೆಯ ಮಾಲಿಗೆ ಬಿಲ್ಲೂ ಇಲ್ಲ, ಗ್ಯಾರಂಟಿ ಕಾರ್ಡೂ ಇಲ್ಲ. ಇದು ಎರಡು ವರ್ಷ ಬರುತ್ತದೆ ಎಂದು ಕಾಕಾ ಹೇಳಿದರೆ ಅದೇ ಗ್ಯಾರಂಟಿ. ಆ ಮಾತೊಂದನ್ನು ನಂಬಿ ಮದುವೆ ಫೋಟೋ ತೆಗೆಯುವವರು ದೂರದ ದೇಹೂ ರೋಡಿನಿಂದಲೂ ಬರುತ್ತಿದ್ದರು. ಕಾಕಾ ಅವರೊಂದಿಗೆಲ್ಲ ಮರಾಠಿ ಆಡುತ್ತಿದ್ದರು, ನನ್ನೊಬ್ಬಳೊಂದಿಗೆ ತಮ್ಮ ಬಸವಕಲ್ಯಾಣದ ಕಡೆಯ ಕನ್ನಡ.

ನನ್ನ ಅಪ್ಪ ಅವ್ವ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಆ ಮನೆಯ ಮಗಳು ಕ್ಯಾಮೆರಾ ಹಿಡಿಯುತ್ತೇನೆ ಎಂದಾಗ ನಗದೇ ಇದ್ದವರು ಕಾಕಾ ಒಬ್ಬರೇ. ನನ್ನ ಮೊದಲ ಕ್ಯಾಮೆರಾ ಅವರ ಅಂಗಡಿಯದು. ಅದರ ಜೊತೆಗೆ ವಿದ್ಯೆಯನ್ನೂ ಕೊಟ್ಟರು, ಬೈಗುಳವನ್ನೂ ಕೊಟ್ಟರು. ಯಾರಾದರೂ ಬ್ಯಾಟರಿ ನಿಲ್ಲುತ್ತಿಲ್ಲ ಎಂದು ಬಂದರೆ ಡಾಕ್ಟರಂತೆ ಪ್ರಶ್ನೆ ಕೇಳುತ್ತಿದ್ದರು. ಯಾವ ಚಾರ್ಜರು, ಯಾವ ಪ್ಲಗ್ಗು, ಕ್ಯಾಮೆರಾ ಎಲ್ಲಿಡುತ್ತೀರಿ, ವೈಫೈ ಬಂದ್ ಮಾಡಿದ್ದೀರಾ. "ಒಂದ ಸಲಕ್ಕ ಒಂದ ಬದಲಿ ಮಾಡಬೇಕು. ಎರಡು ಬದಲಿ ಮಾಡಿದಿ ಅಂದ್ರ ಯಾವುದರಿಂದ ಸರಿ ಆತು ಅಂತ ದೇವರಿಗೂ ತಿಳಿಯೂದಿಲ್ಲ" ಎನ್ನುವುದು ಅವರ ಮಂತ್ರ. ನನಗೋ ಮೂಗಿನ ತುದಿಯಲ್ಲೇ ಕೋಪ. ಆ ಮಂತ್ರ ಕೇಳುತ್ತಲೇ ಮೈ ಉರಿಯುತ್ತಿತ್ತು.

ಮೂರು ವರ್ಷದ ಹಿಂದಿನ ಮದುವೆ ಸೀಸನ್ನಿನಲ್ಲಿ ಅವರಿಂದ ಎರಡು ಬ್ಯಾಟರಿ ಕೊಂಡೆ. ಎರಡು ವಾರವೂ ಆಗಿರಲಿಲ್ಲ, ಕೈಕೊಡಲು ಶುರುವಾಯಿತು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದು ಬೆಳಗ್ಗೆ ಅರ್ಧ ತಾಸಿಗೆ ಮುಗಿಯುತ್ತಿತ್ತು. ಹೋಗಿ ಹೇಳಿದೆ. ಒಂದು ದಿನ ಎಲ್ಲ ಸಾಮಾನು ಬಿಟ್ಟುಹೋಗು, ನೋಡುತ್ತೇನೆ ಎಂದರು. ಮೇಲಿಂದ ಮೇಲೆ ಮದುವೆಗಳು, ಬಿಟ್ಟುಹೋಗಲು ನನಗೆಲ್ಲಿ ಪುರುಸೊತ್ತು? ಹಾಗೇ ಬಂದೆ.

ಆಮೇಲೆ ಬಂತು ಗಾರೆ ಕೆಲಸದ ಮೇಸ್ತ್ರಿ ಮುಕಾದಮರ ಮಗಳ ಮದುವೆ. ಅಪ್ಪನಿಗೆ ಕೆಲಸ ಕೊಟ್ಟ ಮನೆ ಅದು. ಕಾತ್ರಜ್ ಹತ್ತಿರದ ಕಲ್ಯಾಣಮಂಟಪದಲ್ಲಿ ಹನ್ನೆರಡೂ ಮೂವತ್ತೈದಕ್ಕೆ ಮುಹೂರ್ತ. ಬೆಳಗ್ಗೆ ಒಂಬತ್ತೂವರೆಗೆ ಚಾರ್ಜರಿನಿಂದ ಬ್ಯಾಟರಿ ತೆಗೆದು ಕ್ಯಾಮೆರಾಕ್ಕೆ ಹಾಕಿದರೆ ಖಾಲಿ ಎಂದು ಕೆಂಪು ಮಿಣುಕು. ಎರಡನೆಯದೂ ಹಾಗೇ. ಚಾರ್ಜರಿನಲ್ಲಿ ಮಾತ್ರ ಹಸಿರು ದೀಪ ಉರಿಯುತ್ತಿತ್ತು.

ಕಾಕಾರ ಅಂಗಡಿಗೆಂದು ರಿಕ್ಷಾದಲ್ಲಿ ಕೂತವಳು ಮಾಡಬಾರದ ಕೆಲಸ ಮಾಡಿದೆ. ಪುಣೆಯ ಮದುವೆ ಫೋಟೋದವರ ವಾಟ್ಸಾಪ್ ಗುಂಪಿನಲ್ಲಿ, ಧನಕವಡಿಯ ಕಾಕಾ ಸತ್ತ ಬ್ಯಾಟರಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ, ಹುಷಾರು ಎಂದು ಬರೆದು ಹಾಕಿದೆ. ಮುನ್ನೂರು ಜನ ಇದ್ದ ಗುಂಪು ಅದು.

ಅಂಗಡಿಯಲ್ಲಿ ಒಬ್ಬ ಗಿರಾಕಿ ಫ್ಲ್ಯಾಶ್ ನೋಡುತ್ತ ನಿಂತಿದ್ದ. ಅವನ ಮುಂದೆಯೇ ಬ್ಯಾಟರಿಗಳನ್ನು ಮೇಜಿನ ಮೇಲೆ ಕುಕ್ಕಿ, ಬಾಯಿಗೆ ಬಂದದ್ದನ್ನು ಮರಾಠಿಯಲ್ಲೇ ಅಂದೆ, ಅವನಿಗೂ ತಿಳಿಯಲಿ ಎಂದು. ಅವನು ಫ್ಲ್ಯಾಶನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದ. ಕಾಕಾ ಅವನು ಹೋದ ದಾರಿಯನ್ನೊಮ್ಮೆ ನೋಡಿದರು.

"ಕೂಡು ತಂಗಿ. ಮದಲ ನೋಡೂದು, ಆಮ್ಯಾಲ ಬೈಯೂದು."

ಕೂತೆ. ಕೂತರೂ ಮುಳ್ಳಿನ ಮೇಲೆ ಕೂತಂತೆ. ಕಾಕಾ ತಮ್ಮದೇ ಕ್ಯಾಮೆರಾದ ಬ್ಯಾಟರಿ ತೆಗೆದು ನನ್ನ ಕ್ಯಾಮೆರಾಕ್ಕೆ ಹಾಕಿ ವಿಡಿಯೋ ಚಾಲೂ ಮಾಡಿದರು. ಹದಿನೈದು ನಿಮಿಷ ಸುಮ್ಮನೆ ಗಡಿಯಾರ ನೋಡುತ್ತ ಕೂತರು. ಒಂದು ಗೆರೆಯೂ ಇಳಿಯಲಿಲ್ಲ. ಅಂದರೆ ಕ್ಯಾಮೆರಾ ಬ್ಯಾಟರಿ ತಿನ್ನುತ್ತಿಲ್ಲ. ಆಮೇಲೆ ನನ್ನ ಬ್ಯಾಟರಿಯನ್ನು ಅವರ ಚಾರ್ಜರಿಗೆ ಹಾಕಿದರು. ತಟ್ಟನೆ ಕೆಂಪು ದೀಪ ಹತ್ತಿತು. "ಹಸದದ ನೋಡು, ಉಣ್ಣಾಕತ್ತದ" ಎಂದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಗುಂಪಿನಲ್ಲಿ ಓದಿದ ಯಾರೋ ವಿಚಾರಿಸುತ್ತಿದ್ದರು. ಕಾಕಾ ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡರು. ಮರಾಠಿಯಲ್ಲಿ, ಅರ್ಧ ತಾಸು ತಡೆಯಿರಿ, ನೋಡಿ ಹೇಳುತ್ತೇನೆ ಎಂದು ಇಟ್ಟರು. ನನ್ನ ಕಿವಿ ಬಿಸಿಯಾಯಿತು. ಆ ಕೆಂಪು ದೀಪ ನೋಡಿದಾಗಲೇ ನನ್ನ ಮಾತು ಸುಳ್ಳಾಗಬಹುದು ಎಂದು ಹೊಳೆದಿತ್ತು. ಬರೆದದ್ದನ್ನು ಅಳಿಸಲು ಫೋನು ತೆಗೆದೆ.

"ಬ್ಯಾಡ" ಎಂದರು ಕಾಕಾ. "ಇನ್ನಾ ಗೊತ್ತಾಗಿಲ್ಲ. ನಂದ ತಪ್ಪ ಇದ್ರ ಇರಲಿ ಅದು ಅಲ್ಲೇ. ನಂದಲ್ಲ ಅಂದ್ರ, ನೀನ ಬರೀಬೇಕು."

ಇಪ್ಪತ್ತು ನಿಮಿಷ ಕಳೆಯಿತು. ಇನ್ನೆರಡು ಫೋನು ಬಂದವು. ಮಂಟಪದಿಂದ ನನಗೂ ಬಂತು, ವಧುವಿಗೆ ಸೀರೆ ಉಡಿಸುತ್ತಿದ್ದಾರೆ, ಎಲ್ಲಿದ್ದೀಯ ಎಂದು. ನನ್ನ ಬ್ಯಾಟರಿಯನ್ನು ಕ್ಯಾಮೆರಾಕ್ಕೆ ಹಾಕಿ ಮತ್ತೆ ವಿಡಿಯೋ ಓಡಿಸಿದರು. ತುಂಬಿದಷ್ಟು ಚಾರ್ಜು ಇಳಿಯದೆ ನಿಂತಿತ್ತು. ಅಂದರೆ ಬ್ಯಾಟರಿಯೂ ಸರಿಯಿದೆ. ಕಾಕಾ, ಸಾಕು, ನಾನು ಹೋಗಬೇಕು ಎಂದೆ. ಕೊನೆಯದೊಂದು ಉಳಿದಿದೆ ಎಂದು ನನ್ನ ಚಾರ್ಜರನ್ನು ಖಾಲಿಯೇ ಪ್ಲಗ್ಗಿಗೆ ಸಿಕ್ಕಿಸಿದರು.

ಹಸಿರು ದೀಪ ಹತ್ತಿತು. ಬ್ಯಾಟರಿ ಹಾಕಿದರು. ಹಸಿರು ಹಾಗೇ ಇತ್ತು.

ಭೂತಗಾಜು ಹಿಡಿದು ಚಾರ್ಜರಿನ ಪಿನ್ನುಗಳನ್ನು ನೋಡಿದರು. ಉಗುರಿನಿಂದ ಕೆರೆದು ನನ್ನ ಮುಂದೆ ಹಿಡಿದರು. ಹಳದಿ ಪುಡಿ. ನಾನು ಮೂಸಿ ನೋಡುವುದೇ ಬೇಕಿರಲಿಲ್ಲ. ಎರಡು ವಾರದಲ್ಲಿ ಮೂರು ಕಡೆ ಅರಿಶಿನ ಹಚ್ಚುವ ಶಾಸ್ತ್ರದ ಫೋಟೋ ತೆಗೆದಿದ್ದೆ. ಹೆಂಗಸರು ಫೋಟೋದವಳನ್ನೂ ಬಿಡದೆ ಕೈಗೆ, ಕೆನ್ನೆಗೆ ಮೆತ್ತಿದ್ದರು. ಆ ಎಣ್ಣೆ ಅರಿಶಿನದ ಕೈಯಲ್ಲೇ ಬ್ಯಾಟರಿ ಬದಲಿಸಿದ್ದೆ. ಬ್ಯಾಟರಿಯಿಂದ ಅದು ಚಾರ್ಜರಿಗೆ ಮೆತ್ತಿ ಒಣಗಿತ್ತು.

"ಹಸಿರ ಹತ್ತಿದ್ರ ತುಂಬೇದ ಅಂತ ತಿಳಕೊಂಡಿ. ಈ ಚಾರ್ಜರಿಗೆ ಬ್ಯಾಟರಿ ಐತೋ ಇಲ್ಲೋ ಅನ್ನೂದ ಗೊತ್ತಿಲ್ಲ. ಏನೂ ಇಲ್ಲದಿದ್ರೂ ಹಸಿರ ತೋರಸ್ತದ."

ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದರು. ತಮ್ಮ ತುಂಬಿದ ಬ್ಯಾಟರಿಯನ್ನೂ ಕೈಗಿಟ್ಟು, ಮೊದಲು ಮುಹೂರ್ತ ನೋಡು ಹೋಗು ಎಂದರು. ಹನ್ನೆರಡು ಹೊಡೆಯಲು ಬಂದಿತ್ತು. ನಾನು ತಪ್ಪಾಯಿತು ಎಂದೆನೋ ಇಲ್ಲವೋ, ನೆನಪಿಲ್ಲ. ಓಡಿದ್ದು ನೆನಪಿದೆ.

ತಾಳಿ ಕಟ್ಟುವ ಫೋಟೋ ಚೆನ್ನಾಗಿ ಬಂತು. ಸಂಜೆ ಗುಂಪು ತೆರೆದೆ. ತಪ್ಪು ನನ್ನದು ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಚಾರ್ಜರು ಸ್ವಚ್ಛ ಇಟ್ಟುಕೊಳ್ಳಲು ಬಾರದವಳಿಗೆ ನಾಳೆ ಯಾರು ಕೆಲಸ ಹೇಳುತ್ತಾರೆ ಎಂಬ ಹೆದರಿಕೆ. ಕೊನೆಗೆ ಬೆಳಗ್ಗೆ ಹಾಕಿದ್ದನ್ನಷ್ಟೇ ಅಳಿಸಿ ಸುಮ್ಮನಾದೆ. ಅಳಿಸಿದ ಗುರುತು ಅಲ್ಲಿ ಉಳಿಯಿತು. ಕಾಕಾ ಅವಳನ್ನು ಹೆದರಿಸಿ ಅಳಿಸಿಸಿರಬೇಕು ಎಂದು ಜನ ಮಾತಾಡಿಕೊಂಡರಂತೆ. ಇದು ನನ್ನ ಕಿವಿಗೂ ಬಿತ್ತು. ಆಗಲೂ ಬರೆಯಲಿಲ್ಲ.

ಹಳೆಯ ಮಾಲು ಕೊಳ್ಳುವವರು ಕಡಿಮೆಯಾದರು. ಗಾಜಿನ ಕಪಾಟಿನಲ್ಲಿ ಬ್ಯಾಟರಿಗಳು ಧೂಳು ತಿನ್ನುತ್ತ ಕೂತವು. ಬರುಬರುತ್ತ ಅಂಗಡಿ ಬರೀ ರಿಪೇರಿಗೆ ಇಳಿಯಿತು. ನಾನು ಹೋದಾಗೆಲ್ಲ ಕಾಕಾ ಮೊದಲಿನಂತೆಯೇ ಚಹಾ ತರಿಸುತ್ತಿದ್ದರು, ಕಲಿಸುತ್ತಿದ್ದರು, ಬೈಯುತ್ತಿದ್ದರು. ಅದೊಂದು ಮಾತು ಮಾತ್ರ ಎತ್ತಲಿಲ್ಲ. ಒಮ್ಮೆ ಎತ್ತಿದ್ದರೆ ಅತ್ತು ಹಗುರಾಗುತ್ತಿದ್ದೆ. ಎತ್ತುವುದು ನನ್ನ ಕೆಲಸವಾಗಿತ್ತು.

ಹೋದ ವರ್ಷ ಅಂಗಡಿಯಲ್ಲೇ ಎದೆನೋವು ಬಂದು ಕಾಕಾ ಹೋದರು. ಒಂಬತ್ತನೆಯ ದಿನ ಅವರ ಮನೆಯಲ್ಲಿ ನಾಲ್ಕೈದು ಫೋಟೋದವರು ಕೂತಿದ್ದೆವು. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುವವರು, ಚಹಾ ಕೊಡುತ್ತಿದ್ದರು. ಒಬ್ಬ ಹಳೆಯ ಫೋಟೋಗ್ರಾಫರು ಮೆಲ್ಲಗೆ, ಮನುಷ್ಯ ಬಂಗಾರ, ಆ ಬ್ಯಾಟರಿ ವಿಷಯವೊಂದರಲ್ಲಿ ಎಡವಿದರು ಎಂದರು.

ನನ್ನ ಕೈಯಲ್ಲಿದ್ದ ಚಹಾ ಕಪ್ಪು ಕೆಳಗಿಟ್ಟೆ. ಬರೆದವಳು ನಾನು, ಬ್ಯಾಟರಿ ಚೆನ್ನಾಗಿತ್ತು, ನನ್ನ ಕೈಯ ಅರಿಶಿನ ಚಾರ್ಜರಿಗೆ ಮೆತ್ತಿತ್ತು, ಕಾಕಾ ಅವತ್ತೇ ತೋರಿಸಿಕೊಟ್ಟರು ಎಂದು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ಕಾಕು ತಟ್ಟೆ ಹಿಡಿದು ನಿಂತೇ ಇದ್ದರು.

"ಅವತ್ತ ಸಂಜೀಕ ಬಂದು ನನಗ ಹೇಳಿದ್ರು, ಆ ಹುಡುಗಿ ಬರೀತಾಳ ಅಂತ. ಮೂರು ದಿನ ಫೋನ್ ನೋಡಿದ್ರು" ಎಂದರು ಕಾಕು. ಆಮೇಲೆ ನನ್ನ ಕಪ್ಪನ್ನು ಎತ್ತಿಕೊಳ್ಳುತ್ತ, "ಈಗ ಹೇಳಿದಿ ತಂಗಿ. ಇದನ್ನ ಅವರು ಕೇಳಬೇಕಾಗಿತ್ತು" ಎಂದರು.

ಮೆಟ್ಟಿಲಿಳಿದು ರಸ್ತೆಗೆ ಬಂದು ಗುಂಪು ತೆರೆದೆ. ತಪ್ಪು ಯಾರದು ಎಂದು ಬರೆಯಲು ಮೂರು ಸಾಲು ಸಾಕಾದವು. ಮುನ್ನೂರು ಜನ ಓದಿದರು. ಓದಬೇಕಾದವರು ಮೂರು ದಿನ ಕಾದಿದ್ದರು, ಅವರಿಗೆ ನಾನು ಬರೆಯಲಿಲ್ಲ.